ನಮ್ಮ ಡಿಕ್ಕಿಯಲ್ಲಿ ನೆಲೆಸಿದ್ದ ನೀರಿಗೆ

ಇವರಿಂದ:
ಮೋನಿಷಾ ಎಂ.,
ರಾಮಮೂರ್ತಿ ನಗರ, ಬೆಂಗಳೂರು.

ಇವರಿಗೆ:
ಶ್ರೀಯುತ ಮಳೆನೀರು ಅವರು,
ಸ್ಟೆಪ್ನಿ ಗುಂಡಿ, ಡಿಕ್ಕಿ, ಬೂದು ಬಣ್ಣದ ಹಳೆಯ ಕಾರು.
(ಈಗಿನ ವಿಳಾಸ ತಿಳಿದಿಲ್ಲ.)

ವಿಷಯ: ತಾವು ಕರೆಯದೆ ಬಂದು, ಹೇಳದೆ ನೆಲೆಸಿ, ತಮಟೆ ನೆನೆಸಿದ ಕುರಿತು.

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಬಳಗದ ಮಂಜು, ಇಬ್ಬನಿ, ಆಲಿಕಲ್ಲು ಮೊದಲಾದ ಹಿರಿಯರು ಕಿರಿಯರೆಲ್ಲರಿಗೂ ನಮ್ಮ ಮನೆಯವರ ಪರವಾಗಿ ನಮಸ್ಕಾರಗಳು. ತಾವು ಹಲಸೂರು ಕೆರೆಯಲ್ಲೋ ಯಾವುದಾದರೂ ರಾಜಕಾಲುವೆಯಲ್ಲೋ ಆರೋಗ್ಯವಾಗಿ ಹರಿದಾಡಿಕೊಂಡಿರುವಿರೆಂದು ನಂಬಿದ್ದೇನೆ. ನಮ್ಮ ರಸ್ತೆಯ ನಲ್ಲಿಗಳ ಮುಂದೆ ಕೊಡಗಳು ತಮ್ಮ ದಾರಿ ಕಾಯುತ್ತ ಸಾಲಾಗಿ ಕುಳಿತಿದ್ದ ಬೇಸಿಗೆಯ ಕೊನೆಯಲ್ಲಿ, ಟ್ಯಾಂಕರಿನವರಿಗೆ ಎಷ್ಟು ಸಲ ಫೋನು ಮಾಡಿದರೂ ‘ಆನ್ ದಿ ವೇ ಮೇಡಂ’ ಎಂಬ ಮಾತಿನ ರೂಪದಲ್ಲಷ್ಟೇ ತಾವು ನಮಗೆ ದೊರೆಯುತ್ತಿದ್ದ ದಿನಗಳಲ್ಲಿ, ಯಾರೂ ಅರ್ಜಿ ಹಾಕದೆ, ಯಾರ ಶಿಫಾರಸೂ ಇಲ್ಲದೆ, ನಮ್ಮ ಕಾರಿನ ಡಿಕ್ಕಿಯೊಳಗೆ ತಾವಾಗಿಯೇ ಬಂದು ನೆಲೆಸಿದ ತಮ್ಮ ದೊಡ್ಡ ಮನಸ್ಸನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಂಥ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳದಿದ್ದರೆ ಕೃತಘ್ನತೆಯಾದೀತೆಂದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನನ್ನ ಪರಿಚಯ ತಮಗಿರಲಾರದು. ತಾವು ಅತ್ತಿತ್ತ ನೋಡದೆ ನೇರವಾಗಿ ಡಿಕ್ಕಿಗೇ ಹೋದವರು. ನಾನು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಪಂಪುಗಳನ್ನು ಪರೀಕ್ಷಿಸುವ ವಿಭಾಗದಲ್ಲಿದ್ದೇನೆ. ತಯಾರಾದ ಪಂಪನ್ನು ತೊಟ್ಟಿಯಲ್ಲಿ ಮುಳುಗಿಸಿ, ಒಳಕ್ಕೆ ಗಾಳಿ ಬಿಟ್ಟು, ಎಲ್ಲಿಂದಾದರೂ ಗುಳ್ಳೆ ಏಳುತ್ತದೆಯೇ ಎಂದು ಕಣ್ಣಿಟ್ಟು ನೋಡಿ, ಏಳದಿದ್ದರೆ ‘ಸೋರಿಕೆ ಇಲ್ಲ’ ಎಂದು ಮೊಹರು ಒತ್ತುವುದು ನನ್ನ ಉದ್ಯೋಗ. ಅಂದರೆ ತಮ್ಮ ಓಡಾಟಕ್ಕೆ ಅಡ್ಡಿಪಡಿಸುವುದಕ್ಕೆಂದೇ ಸಂಬಳ ಪಡೆಯುವ ಕೆಲವೇ ಜನರಲ್ಲಿ ನಾನೂ ಒಬ್ಬಳು. ಇಷ್ಟು ದೊಡ್ಡ ಊರಿನಲ್ಲಿ ಇಷ್ಟೊಂದು ಕಾರುಗಳಿರುವಾಗ ತಾವು ನನ್ನದನ್ನೇ ಆರಿಸಿಕೊಂಡದ್ದನ್ನು ನನ್ನ ಸಹೋದ್ಯೋಗಿಗಳು ತುಂಬಾ ಮೆಚ್ಚಿಕೊಂಡರು. ಊಟದ ಹೊತ್ತಿನಲ್ಲಿ ಇವತ್ತಿಗೂ ಮೆಚ್ಚಿಕೊಳ್ಳುತ್ತಿದ್ದಾರೆ.

ಕಾರು ಕೊಂಡದ್ದು ತಮಟೆಗಾಗಿ. ನಾನು, ನನ್ನ ಜೊತೆಯಲ್ಲೇ ಕೆಲಸ ಮಾಡುವ ಅಲಿಯಾ, ಇನ್ನೂ ಮೂವರು ಹೆಂಗಸರು ಸೇರಿ ಒಂದು ತಮಟೆ ತಂಡ ಕಟ್ಟಿಕೊಂಡಿದ್ದೇವೆ. ಈಗ ಎಲ್ಲೆಲ್ಲೂ ಪ್ಲಾಸ್ಟಿಕ್ ಹಾಳೆಯ ತಮಟೆಗಳೇ. ಅವಕ್ಕೆ ಮಳೆಯೂ ಒಂದೇ, ಬಿಸಿಲೂ ಒಂದೇ. ನಮ್ಮವು ಚರ್ಮದವು. ತೇವ ತಗುಲಿದರೆ ಸಡಿಲವಾಗಿ ‘ದಬ್’ ಎನ್ನುತ್ತವೆ, ಬೆಂಕಿಯ ಶಾಖಕ್ಕೆ ಹಿಡಿದು ಬಿಗಿ ಬರಿಸಿದ ಮೇಲಷ್ಟೇ ಅವುಗಳ ಗಂಟಲು ತೆರೆಯುವುದು. ಐದರಲ್ಲಿ ಒಂದು ತಮಟೆ ನನ್ನ ಅಪ್ಪ ಮುನಿರಾಜಪ್ಪನವರದು. ಅವರು ತೀರಿಕೊಂಡ ಮೇಲೆ ಅದು ಚಿಕ್ಕಪ್ಪನ ಮನೆಯ ಅಟ್ಟದಲ್ಲಿ ಗೋಣಿಚೀಲದೊಳಗೆ ಮಲಗಿತ್ತು. ನಾನು ಕೇಳಿ ತಂದ ದಿನ ನಮ್ಮ ಅಮ್ಮ, ತೂಕದಲ್ಲಿ ಹೆಚ್ಚಿಲ್ಲದ, ಮಾತಿನಲ್ಲಿ ಕಡಿಮೆಯಿಲ್ಲದ ಅಂಜಿನಮ್ಮ, ಬಾಗಿಲಿಗೆ ಅಡ್ಡ ನಿಂತಳು.

“ಅದನ್ನ ಹಿಡ್ಕಂಡು ನಿಮ್ಮಪ್ಪ ಎಷ್ಟು ಮನೆ ಬಾಗ್ಲಾಚೆ ನಿಂತವ್ರೆ ಗೊತ್ತೇನೇ ನಿಂಗೆ? ಹೆಣ ಎತ್ತಕ್ಕೆ ಮುಂಚೆ ಕರೆಯೋರು, ಅನ್ನ ಹಾಕ್ಬೇಕಾದ್ರೆ ದೂರ ಕೂರ್ಸೋರು. ನಿನ್ನ ಓದ್ಸಿದ್ದು ಅದನ್ನ ಮತ್ತೆ ಹೆಗಲಿಗೆ ಹಾಕ್ಕಳ್ಳಿ ಅಂತಲ್ಲ.”

“ಯಾರೋ ಕರೆದ್ರು ಅಂತ ಹೋಗಲ್ಲಮ್ಮಾ ನಾವು. ನಮಗಿಷ್ಟ ಆದ ಕಡೆ ಮಾತ್ರ ಬಾರಿಸ್ತೀವಿ, ಸ್ಟೇಜ್ ಮೇಲೆ.”

“ಸ್ಟೇಜ್ ಮೇಲೆ ಬಾರಿಸಿದ್ರೂ ಅದು ಅದೇನೇ. ಅದು ನನ್ನ ಮನೆ ಹೊಸ್ತಿಲು ದಾಟಂಗಿಲ್ಲ.”

ಅವಳು ನೋಡಿದ್ದನ್ನು ನಾನು ನೋಡಿರಲಿಲ್ಲ. ಹೀಗಾಗಿ ಐದೂ ತಮಟೆಗಳು ಕಾರಿನ ಡಿಕ್ಕಿಯಲ್ಲೇ ಸಂಸಾರ ಹೂಡಿದವು. ಅಲ್ಲಿಗೆ ತಾವೂ ಬಂದಿರಿ.

ತಮ್ಮ ಇರವು ನನಗೆ ತಿಳಿದದ್ದು ಟಿನ್ ಫ್ಯಾಕ್ಟರಿಯ ಬಳಿ. ಅಲ್ಲಿನ ಟ್ರಾಫಿಕ್ಕಿನಲ್ಲಿ ಕಾರು ಒಂದು ಮಾರು ಮುಂದೆ ಹೋಗುವುದು, ನಿಲ್ಲುವುದು, ಮತ್ತೆ ಒಂದು ಮಾರು ಹೋಗುವುದು ವಾಡಿಕೆಯಷ್ಟೆ. ಪ್ರತಿ ಸಲ ಬ್ರೇಕು ಒತ್ತಿದಾಗಲೂ ಹಿಂದಿನಿಂದ ‘ಗುಳುಕ್’ ಎಂದು ಒಂದು ಗಂಭೀರ ಸದ್ದು ಬರತೊಡಗಿತು.

“ಏ ಮೋನಿ, ನಿನ್ನ ಡಿಕ್ಕೀಲಿ ಯಾರೋ ನೀರು ಕುಡೀತಾ ಇದಾರೆ ಕಣೇ,” ಎಂದಳು ಪಕ್ಕದಲ್ಲಿದ್ದ ಅಲಿಯಾ.

ಬಸ್ ನಿಲ್ದಾಣದ ಆಚೆ ಕಾರು ನಿಲ್ಲಿಸಿ, ತಮಟೆಗಳನ್ನು ಎತ್ತಿಟ್ಟು, ಕೆಳಗಿನ ಮ್ಯಾಟು ಸರಿಸಿ ನೋಡಿದರೆ, ಸ್ಟೆಪ್ನಿ ಚಕ್ರ ಇಡುವ ಗುಂಡಿಯಲ್ಲಿ ತಾವು ತುಂಬಿಕೊಂಡು, ಮೇಲೊಂದು ಬಾಳೆಹಣ್ಣಿನ ಸಿಪ್ಪೆಯನ್ನು ತೇಲಿಸಿಕೊಂಡು ವಿರಾಜಮಾನರಾಗಿದ್ದಿರಿ. ಸ್ಟೆಪ್ನಿ ಕೆರೆಗಿಳಿದ ಎಮ್ಮೆಯಂತೆ ಅರ್ಧ ಮುಳುಗಿ ಸುಖವಾಗಿತ್ತು. ಜಾಕು ತುಕ್ಕು ಹಿಡಿದು ಕೆಂಪಗಾಗಿತ್ತು. ನಾವಿಬ್ಬರೂ ಊಟದ ಡಬ್ಬಿಯ ಮುಚ್ಚಳದಲ್ಲಿ ತಮ್ಮನ್ನು ಮೊಗೆದು ಮೊಗೆದು ರಸ್ತೆಗೆ ಚೆಲ್ಲುವಾಗ ಬಸ್ಸಿಗೆ ಕಾದಿದ್ದವರೆಲ್ಲ ಬಹಳ ಆಸಕ್ತಿಯಿಂದ ನೋಡಿದರು. ಒಬ್ಬರಂತೂ ಮೀನು ಸಾಕಿದ್ದೀರಾ ಎಂದು ವಿಚಾರಿಸಿದರು.

ಅಲ್ಲಿಂದ ಶುರುವಾಯಿತು ತಾವು ಬರುವ ದಾರಿಯ ಹುಡುಕಾಟ. ಮೊದಲು ಕಾರಿನ ಸರ್ವಿಸ್ ಸೆಂಟರಿಗೆ ಹೋದೆ. ಟೈ ಕಟ್ಟಿದ್ದ ತರುಣರೊಬ್ಬರು ನನ್ನನ್ನು ತಂಪಾದ ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, “ಡಿಕ್ಕೀಲಿ ಬಾಟ್ಲಿ ಏನಾದ್ರೂ ಚೆಲ್ಲಿತ್ತಾ ಮೇಡಂ?” ಎಂದು ಮೃದುವಾಗಿ ಕೇಳಿದರು. ಸ್ಟೆಪ್ನಿ ಮುಳುಗುವಷ್ಟು ದೊಡ್ಡ ಬಾಟಲಿಯನ್ನು ನಾನಿನ್ನೂ ನೋಡಿಲ್ಲವೆಂದೆ. ಅವರು ಡಿಕ್ಕಿಯ ಬಾಯಿಯ ಸುತ್ತ ಇರುವ ರಬ್ಬರಿನ ಬೀಡಿಂಗ್ ಬದಲಾಯಿಸಿ, “ಸಾಲ್ವ್ ಆಗಿದೆ ಮೇಡಂ” ಎಂದು ಕೀ ಕೈಗಿಟ್ಟರು. ಮುಂದಿನ ಮಳೆಗೆ ತಾವು ಮತ್ತೆ ಬಂದಿರಿ. ಹೊಸ ಬೀಡಿಂಗಿಗೆ ಒಂದಿಷ್ಟೂ ಅಗೌರವ ತೋರದೆ, ಅದನ್ನು ಮುಟ್ಟದೆ, ತಟ್ಟದೆ, ತಮ್ಮ ಹಳೆಯ ದಾರಿಯಿಂದಲೇ ಬಂದಿರಿ. ಆ ಸೌಜನ್ಯವನ್ನು ನಾನು ಮರೆಯಲಾರೆ.

ಆಮೇಲೆ ಅಲಿಯಾ ನನ್ನನ್ನು ಶಿವಾಜಿನಗರದಲ್ಲಿ ಗ್ಯಾರೇಜು ಇಟ್ಟಿರುವ ತನ್ನ ಸೋದರಮಾವ ಅಕ್ತರ್ ಅವರ ಬಳಿಗೆ ಕರೆದೊಯ್ದಳು. ಅಕ್ತರ್ ಮಾಮು ದೊಡ್ಡ ಹೊಟ್ಟೆಯ, ದೊಡ್ಡ ನಗೆಯ, ಅನುಮಾನ ಎಂಬುದೇ ಇಲ್ಲದ ಮನುಷ್ಯ. ಡಿಕ್ಕಿಯನ್ನು ನೋಡುವ ಮೊದಲೇ ಅವರಿಗೆ ರೋಗ ತಿಳಿದಿತ್ತು.

“ಅರೇ ಬೇಟಿ, ಈ ಪಾನಿ ಐತಲ್ಲ, ಇದು ಕಳ್ಳ. ಎಲ್ಲಾ ಬಾಗ್ಲೂ ಬಂದ್ ಮಾಡ್ಬಿಟ್ರೆ ಎಲ್ಲಿಂದ ಬರ್ತದೆ?”

ಹೀಗೆಂದು ಅವರು ಕಂಡ ಕಂಡ ಸಂದಿಗೆಲ್ಲ ಸಿಲಿಕೋನ್ ಮೆತ್ತಿದರು. ಡಿಕ್ಕಿಯ ಒಳಗೆಲ್ಲ ಕೆನೆ ಕಟ್ಟಿದಂತಾಯಿತು. ತಾವು ಒಂದು ವಾರ ಬರಲಿಲ್ಲ. ಏಕೆಂದರೆ ಒಂದು ವಾರ ಮಳೆ ಬರಲಿಲ್ಲ. ಆಮೇಲೆ ಬಂದಿರಿ. ನಾವು ಮತ್ತೆ ಹೋದೆವು. ಅಕ್ತರ್ ಮಾಮು ಧೃತಿಗೆಡಲಿಲ್ಲ. “ಬರೋದು ಅವ್ನ ಇಷ್ಟ. ಹೋಗೋಕೆ ನಾವು ರಸ್ತಾ ಮಾಡ್ಕೊಡೋಣ,” ಎಂದು ಸ್ಟೆಪ್ನಿ ಗುಂಡಿಯ ತಳದಲ್ಲಿದ್ದ ರಬ್ಬರಿನ ಬಿರಡೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಮೇಲಿನಿಂದ ಬಂದದ್ದು ಕೆಳಗಿನಿಂದ ಹೋಗಬೇಕು, ಅಷ್ಟೇ. ಪಂಪು ಪರೀಕ್ಷಿಸುವ ನನಗೂ ಅದು ಒಳ್ಳೆಯ ಉಪಾಯವೆಂದೇ ತೋರಿತು.

ಆದರೆ ಗುರುವಾರ ಸಂಜೆ ಹಲಸೂರಿನಲ್ಲಿ ಅಭ್ಯಾಸ ಮುಗಿಸಿಕೊಂಡು ಬರುತ್ತಿದ್ದಾಗ ಜಡಿಮಳೆ ಹಿಡಿಯಿತು. ನೋಡುನೋಡುತ್ತಲೇ ರಸ್ತೆ ಹಳ್ಳವಾಯಿತು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ, ಚಕ್ರ ಮುಳುಗುವಷ್ಟು ನೀರಿನಲ್ಲಿ ಕಾರು ನಿಂತಿತು. ಆಗ ಆ ಬಿರಡೆ ಕಿತ್ತ ತೂತಿನ ಮೂಲಕ ತಮ್ಮ ಬಂಧುಗಳು ಕೆಳಗಿನಿಂದ ಮೇಲಕ್ಕೆ ಬಂದರು. ಸೂರಿನ ಕಡೆಯಿಂದ ಬಂದ ತಾವೂ ರಸ್ತೆಯ ಕಡೆಯಿಂದ ಬಂದ ಅವರೂ ನಮ್ಮ ಡಿಕ್ಕಿಯಲ್ಲಿ ಸೇರಿ ಮಾಡಿಕೊಂಡ ಸಮಾಗಮ ಎಷ್ಟು ಆತ್ಮೀಯವಾಗಿತ್ತೋ ನಾನರಿಯೆ. ಮನೆಗೆ ಬಂದು ಮುಚ್ಚಳ ಎತ್ತಿದಾಗ, ಅವಸರದಲ್ಲಿ ಎಲ್ಲಕ್ಕಿಂತ ಕೆಳಗಿಟ್ಟಿದ್ದ ಅಪ್ಪನ ತಮಟೆ ಕೆಸರು ನೀರಿನಲ್ಲಿ ಮುಳುಗಿತ್ತು.

ಮಾನ್ಯರೇ, ಇಲ್ಲಿ ಒಂದು ನಿಮಿಷ ನನ್ನ ವಿನಯವನ್ನು ಪಕ್ಕಕ್ಕಿಡಲು ಅಪ್ಪಣೆಯಾಗಬೇಕು. ಭಾನುವಾರ ಇಂದಿರಾನಗರದಲ್ಲಿ ನಮ್ಮ ತಂಡದ ಮೊದಲ ದೊಡ್ಡ ಕಾರ್ಯಕ್ರಮವಿತ್ತು. ಅದಕ್ಕಾಗಿ ನಾವು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆವು. ಆದರೆ ಆ ಸಂಜೆ ನನಗೆ ಕಾರ್ಯಕ್ರಮ ನೆನಪಾಗಲಿಲ್ಲ. ನಾನು ಆ ತಮಟೆಯನ್ನು ಎದೆಗೊತ್ತಿಕೊಂಡು ಮನೆಯ ಹೊರಗಿನ ಮೆಟ್ಟಿಲ ಮೇಲೆ ಕುಳಿತು, ದುಪಟ್ಟಾದಿಂದ ಒರೆಸುತ್ತ, ಅತ್ತುಬಿಟ್ಟೆ. ಚರ್ಮ ಹಸಿ ಹಪ್ಪಳದಂತೆ ಜೋತುಬಿದ್ದಿತ್ತು.

ಅಮ್ಮ ಬೆಳ್ಳುಳ್ಳಿ ಸುಲಿಯುವುದನ್ನು ಬಿಟ್ಟು ಹೊರಗೆ ಬಂದಳು. ಬೈಯುತ್ತಾಳೆಂದುಕೊಂಡೆ. ಅವಳು ಬಾಗಿ ತಮಟೆಯನ್ನು ಮೂಸಿ ನೋಡಿದಳು.

“ಇದು ಅವ್ರುದಲ್ವಾ?”

“ಹೂಂ.”

“ನೆನೆಸ್ಬಿಟ್ಯಾ?”

ಅಮ್ಮ ನನ್ನ ಪಕ್ಕದ ಮೆಟ್ಟಿಲ ಮೇಲೆ ಕುಳಿತಳು. ನನಗಲ್ಲ, ರಸ್ತೆಗೆ ಹೇಳುವವಳಂತೆ ಹೇಳಿದಳು: “ಅವ್ರು ತಾವು ನೆಂದು ತೊಪ್ಪೆಯಾದ್ರೂ ಸರಿ, ತಲೆಗೆ ಸುತ್ತಿದ್ದ ಟವಲ್ ತೆಗ್ದು ಇದಕ್ಕೆ ಸುತ್ತೋರು. ಜ್ವರ ಬಂದು ಮಲಗೋರು. ಎಷ್ಟು ಬೈದಿದೀನಿ, ‘ನಿಮಗಿಂತ ಇದು ಹೆಚ್ಚಾ’ ಅಂತ. ನಗೋರು ಅಷ್ಟೇ.”

ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. “ಆ ಡಿಕ್ಕಿ ಎಲ್ಲಿ ಸೋರ್ತದೆ ಅಂತ ನಾನು ನೋಡ್ತೀನಿ ನಡಿ.”

ಅಂದು ಕತ್ತಲಾಗಿತ್ತು, ಮರುದಿನ ಕಾರ್ಖಾನೆಯಿತ್ತು, ಆದ್ದರಿಂದ ಮುಹೂರ್ತ ಶನಿವಾರಕ್ಕೆ ಬಿತ್ತು. ಶನಿವಾರ ಬೆಳಗ್ಗೆ ಟ್ಯಾಂಕರಿನವರು ಹೇಗೋ ದಾರಿ ತಪ್ಪಿ ನಮ್ಮ ಮನೆಗೇ ಬಂದು ಸಂಪು ತುಂಬಿಸಿ ಹೋಗಿದ್ದರು. ಅಲಿಯಾ ಅಕ್ತರ್ ಮಾಮುವನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಳು. ಅಮ್ಮ ತನ್ನ ಮುಖದ ಪೌಡರಿನ ಡಬ್ಬಿ ತಂದು, ಡಿಕ್ಕಿಯ ಒಳಗಿನ ಹೊದಿಕೆಗಳನ್ನೆಲ್ಲ ಕೀಳಿಸಿ, ಬರಿಯ ತಗಡಿನ ಮೇಲೆಲ್ಲ ಪೌಡರು ಉದುರಿಸಿದಳು. ನೀರು ಹರಿದರೆ ಪೌಡರಿನ ಮೇಲೆ ಗೆರೆ ಬೀಳಬೇಕು ಎಂಬುದು ಅವಳ ಲೆಕ್ಕ. ನಾವು ಪೈಪಿನಿಂದ ನೀರು ಹೊಡೆದೆವು, ಮುಚ್ಚಳ ತೆಗೆದೆವು. ಗೆರೆಗಳೇನೋ ಬಿದ್ದಿದ್ದವು. ಆದರೆ ತಾವು ಎಲ್ಲೋ ಒಳನುಗ್ಗಿ, ವೈರು ಹಿಡಿದು ಎಡಕ್ಕೆ ನಡೆದು, ಹಿಂದಕ್ಕೆ ತಿರುಗಿ, ಮಧ್ಯದಲ್ಲಿ ಎರಡಾಗಿ ಒಡೆದು, ಆಮೇಲೆ ಗುಂಡಿಗೆ ಇಳಿಯುವವರು. ತಮ್ಮ ಪ್ರವಾಸ ಎಲ್ಲಿ ಆರಂಭವಾಯಿತೆಂದು ಆ ಗೆರೆಗಳನ್ನು ನೋಡಿ ಯಾರು ಹೇಳಬೇಕು? ಮುಚ್ಚಿದ ಡಿಕ್ಕಿಯೊಳಗೆ ಯಾರಾದರೂ ಕುಳಿತು, ತಾವು ಬರುವಾಗಲೇ ಕಣ್ಣಾರೆ ನೋಡಬೇಕಿತ್ತು.

ಅಕ್ತರ್ ಮಾಮು ತಮ್ಮ ಹೊಟ್ಟೆಯನ್ನು ತೋರಿಸಿ ಕೈ ಮುಗಿದರು. ಅಲಿಯಾಗೆ ಲಿಫ್ಟಿನೊಳಗೇ ಉಸಿರು ಕಟ್ಟುತ್ತದೆ. ನಾನು ಕಾಲು ಮಡಚಿ ಎಷ್ಟು ಕುಗ್ಗಿದರೂ ಮುಚ್ಚಳ ನನ್ನ ಭುಜಕ್ಕೆ ಬಡಿಯುತ್ತಿತ್ತು. ಅಷ್ಟರಲ್ಲಿ ಅಮ್ಮ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು.

“ಸರೀರಿ ಎಲ್ಲಾ. ನಾನು ಕೂರ್ತೀನಿ.”

“ಅಮ್ಮಾ, ಬೇಡಮ್ಮಾ.”

“ಇಟ್ಟಿಗೆ ಲಾರೀಲಿ ಇಟ್ಟಿಗೆ ಮೇಲೆ ಕೂತು ಕೆಲಸಕ್ಕೆ ಹೋದೋಳು ನಾನು. ಇದೇನ್ ಮಹಾ, ನುಣ್ಣಗೈತೆ. ಆ ಟಾರ್ಚ್ ಕೊಡಿಲ್ಲಿ.”

ಸ್ಟೆಪ್ನಿ ತೆಗೆದಿಟ್ಟು ಜಾಗ ಮಾಡಿದೆವು. ಅಮ್ಮ ಒಳಗೆ ಹೋಗಿ ಗುಂಡಿಯಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತು, ತಲೆ ಬಗ್ಗಿಸಿ, “ಹಾಕು” ಎಂದಳು. ಅಕ್ತರ್ ಮಾಮು ಮುಚ್ಚಳ ಹಾಕಿದರು. ನಾನು ಪೈಪು ಹಿಡಿದೆ. ಮೊದಲು ಎಡಗಡೆ ಬಿಟ್ಟೆ.

“ಇಲ್ಲೇನಿಲ್ಲ! ಒಣಗೈತೆ!” ಎಂದು ಒಳಗಿನಿಂದ ಕೇಳಿಸಿತು.

ಹಿಂದಿನ ಗಾಜಿನ ಕೆಳಗೆ ಬಿಟ್ಟೆ. “ಇಲ್ಲ! ಮುಂದಕ್ಕೋಗು!”

ಬಲಗಡೆಯ ಮೂಲೆಗೆ ಬಂದದ್ದೇ ತಡ, ಕಾರೇ ಅಲ್ಲಾಡಿತು. “ಬಂತು! ಬಂತು ಬಂತು! ಕೆಂಪು ದೀಪದ ಹಿಂದ್ಗಡೆಯಿಂದ, ಸಣ್ಣಕೆ, ದಾರದ ತರ ಬರ್ತಾ ಐತೆ! ಕಳ್ಳ ಸಿಕ್ದ!”

ಅಲಿಯಾ ಶಿಳ್ಳೆ ಹೊಡೆದಳು. ಅಕ್ತರ್ ಮಾಮು, ‘ನಾನು ಮೊದಲೇ ಹೇಳಿರಲಿಲ್ಲವೇ’ ಎಂಬಂತೆ ನಮ್ಮಿಬ್ಬರನ್ನೂ ನೋಡಿ, ಮುಚ್ಚಳ ತೆಗೆಯಲು ಹೋದರು. ಮುಚ್ಚಳ ಬರಲಿಲ್ಲ. ಕೀ ತಿರುಗಿಸಿದರು, ಡ್ರೈವರ್ ಸೀಟಿನ ಪಕ್ಕದ ಹಿಡಿ ಎಳೆದರು, ಮೇಲೆ ಗುದ್ದಿದರು. ಇಷ್ಟು ದಿನ ತಾವು ಕೊಟ್ಟ ಸಹವಾಸದಿಂದ ತುಕ್ಕು ಹಿಡಿದಿದ್ದ ಲಾಕು ಕಚ್ಚಿಕೊಂಡು ಕುಳಿತಿತ್ತು. ನಾನು ಮುಚ್ಚಳಕ್ಕೆ ಬಾಯಿ ಹಚ್ಚಿ ಕೂಗಿದೆ.

“ಅಮ್ಮಾ, ಉಸಿರಾಡಕ್ಕೆ ಆಗ್ತಾ ಇದೆಯಾ?”

“ಮಾತಾಡ್ತಾ ಇದೀನಲ್ಲಾ, ಇನ್ನೇನು? ನೀವು ನೀರು ಬಿಡೋದು ನಿಲ್ಲಿಸ್ಬೇಡಿ.”

ಡಿಕ್ಕಿಯೊಳಗಿನಿಂದ ಹೆಂಗಸಿನ ಕೂಗು, ಹೊರಗೆ ಮುಚ್ಚಳ ಗುದ್ದುತ್ತಿರುವ ದಪ್ಪ ಮನುಷ್ಯ. ಇದನ್ನು ನೋಡಿದ ಎದುರು ಮನೆಯವರು ನಾಗರಿಕ ಪ್ರಜ್ಞೆಯಿಂದ ಪೊಲೀಸರಿಗೆ ಫೋನು ಮಾಡಿದ್ದರು. ಹೊಯ್ಸಳ ಗಾಡಿ ಬಂದು ನಿಂತಿತು. ಮೀಸೆಯ ಪೊಲೀಸಪ್ಪನವರೊಬ್ಬರು ಇಳಿದು ಲಾಠಿಯಿಂದ ಡಿಕ್ಕಿಯನ್ನು ತಟ್ಟಿದರು.

“ಒಳಗಡೆ ಯಾರಮ್ಮಾ ಇರೋದು?”

“ನಮ್ಮ ತಾಯಿ ಸಾರ್.”

“ಹೆತ್ತ ತಾಯೀನ ಡಿಕ್ಕೀಲಿ ಹಾಕಿದೀರೇನ್ರೀ?”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬಂತು. “ಯಾರೂ ಹಾಕಿಲ್ಲ ಕಣಪ್ಪಾ, ನಾನೇ ಬಂದು ಕೂತಿದೀನಿ! ಸ್ವಲ್ಪ ಸುಮ್ನಿರು, ಇಲ್ಲಿ ಇನ್ನೊಂದು ಕಡೆ ಸೋರ್ತಾ ಐತೆ!”

ಪೊಲೀಸಪ್ಪನವರು ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ ಬಗ್ಗಿ, ಡಿಕ್ಕಿಗೆ ಕಿವಿ ಹಚ್ಚಿ, “ಎಲ್ಲಿ ಸೋರ್ತಾ ಇದೆ ಅಜ್ಜೀ?” ಎಂದರು.

“ಅಜ್ಜಿ ಅಂತೆ! ಈ ಮುಚ್ಚಳದ ಕೀಲು ಐತಲ್ಲ, ಅದರ ಬುಡದಲ್ಲಿ. ಒಂದೊಂದೇ ಹನಿ. ಸರಿಯಾಗಿ ನೀರು ಬಿಡು ಅಂತ ನನ್ನ ಮಗಳಿಗೆ ಹೇಳು, ಅವಳಿಗೆ ಗುರಿಯಿಲ್ಲ.”

ಅವರು ಲಾಠಿಯನ್ನು ಅಲಿಯಾಳ ಕೈಗೆ ಕೊಟ್ಟು ಪೈಪನ್ನು ತಾವೇ ಹಿಡಿದರು. ಅವರ ಗುರಿ ನಿಜವಾಗಿಯೂ ನನ್ನದಕ್ಕಿಂತ ಚೆನ್ನಾಗಿತ್ತು. ಇತ್ತ ಅಕ್ತರ್ ಮಾಮು ಕಾರಿನ ಹಿಂದಿನ ಸೀಟನ್ನು ಎತ್ತಿ, ಒರಗುವ ಭಾಗದ ಬೋಲ್ಟು ಬಿಚ್ಚಿ, ಅದನ್ನು ಎಳೆದು ಹಾಕಿದರು. ಆ ಕಂಡಿಯಿಂದ ಮೊದಲು ಟಾರ್ಚು ಬಂತು, ಆಮೇಲೆ ಬಳೆ ತೊಟ್ಟ ಕೈ, ಆಮೇಲೆ ಮುಖ, ಕೂದಲು, ಸೀರೆಯೆಲ್ಲ ಪೌಡರು ಮೆತ್ತಿಕೊಂಡು ಬೆಳ್ಳಗಾದ ನಮ್ಮ ಅಮ್ಮ. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ಯಾರನ್ನೂ ನೋಡದೆ ನೇರವಾಗಿ ಅಕ್ತರ್ ಮಾಮುವಿನ ಬಳಿಗೆ ಹೋಗಿ, “ಎರಡು ಕಡೆ. ದೀಪದ ಹಿಂದೆ ಒಂದು, ಕೀಲಿನ ಬುಡದಲ್ಲಿ ಒಂದು. ಬೇರೆ ಕಡೆ ಮೆತ್ತಿರೋದೆಲ್ಲ ದಂಡ,” ಎಂದಳು.

ಅಕ್ತರ್ ಮಾಮು ದೀಪ ಬಿಚ್ಚಿದಾಗ ನಿಜ ಕಂಡಿತು. ಕಾರಿನ ಹಿಂದಿನ ಮಾಲೀಕರು ಯಾವಾಗಲೋ ಹಿಂಭಾಗದ ಡೆಂಟು ತೆಗೆಸಿದ್ದರು. ಆಗ ದೀಪವನ್ನು ಮತ್ತೆ ಕೂರಿಸಿದವರು ಅದರ ಹಿಂದೆ ನೀರು ತಡೆಯುವ ಸ್ಪಂಜಿನ ಗ್ಯಾಸ್ಕೆಟ್ಟನ್ನು ಮಡಚಿ ಸಿಕ್ಕಿಸಿಬಿಟ್ಟಿದ್ದರು. ಕೀಲಿನ ಬುಡದಲ್ಲಿ ಎರಡು ತಗಡುಗಳು ಸೇರುವ ಕಡೆ ಮೆತ್ತಿದ್ದ ಅಂಟು ಬಿರುಕು ಬಿಟ್ಟಿತ್ತು. ಹೊಸ ಗ್ಯಾಸ್ಕೆಟ್ ಹಾಕಿ, ಬಿರುಕನ್ನು ಕೆರೆದು ತುಂಬಿ, ಲಾಕು ಬದಲಿಸಿ, ಬಿರಡೆಯನ್ನು ಜೇಬಿನಿಂದ ತೆಗೆದು ಸ್ವಸ್ಥಾನಕ್ಕೆ ಸೇರಿಸಿದರು. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಅವರೇ ಮೆತ್ತಿದ್ದ ಸಿಲಿಕೋನ್ ಕೀಳುವುದು. ಅದನ್ನು ಯಾರೋ ಬುದ್ಧಿಯಿಲ್ಲದವರು ಮೆತ್ತಿ ಹೋಗಿದ್ದಾರೆಂಬಂತೆ ಬೈಯುತ್ತಲೇ ಕಿತ್ತರು. ಪೊಲೀಸಪ್ಪನವರು ಚಹಾ ಕುಡಿದು ಹೊರಟರು.

ಭಾನುವಾರ ಮಧ್ಯಾಹ್ನ ನಾವು ಹೊರಡುವಾಗ ಅಮ್ಮ ಒಳ್ಳೆಯ ಸೀರೆ ಉಟ್ಟು ಕಾರಿನ ಬಳಿ ನಿಂತಿದ್ದಳು. ಅವಳೇ, “ಡಿಕ್ಕಿ ನೋಡ್ಕಳಕ್ಕೆ ಯಾರಾದ್ರೂ ಬೇಕಲ್ಲ,” ಎಂದಳು. ತಾವು ಕೆ.ಆರ್. ಪುರದ ತೂಗುಸೇತುವೆಯ ಬಳಿ ನಮಗಾಗಿ ಕಾದಿದ್ದಿರಿ. ಎಂಥ ಮಳೆ! ವೈಪರು ಎಷ್ಟು ಬಡಿದುಕೊಂಡರೂ ಮುಂದಿನ ಬಸ್ಸು ಕಾಣಲಿಲ್ಲ. ಎಲ್ಲರ ಕಿವಿಯೂ ಹಿಂದಕ್ಕೇ ಇತ್ತು. ಇಂದಿರಾನಗರದ ಸಭಾಭವನದ ಹಿಂದೆ ಕಾರು ನಿಲ್ಲಿಸಿದಾಗ, ಅಮ್ಮನೇ ಮುಚ್ಚಳ ಎತ್ತಿ, ತಮಟೆಗಳನ್ನು ಸರಿಸಿ, ಗುಂಡಿಯೊಳಗೆ ಅಂಗೈ ಆಡಿಸಿ, ಆ ಕೈಯನ್ನು ನಮ್ಮೆಲ್ಲರ ಮುಖದ ಮುಂದೆ ಹಿಡಿದಳು.

ಒಣಗಿತ್ತು.

ಹಿಂದಿನ ಅಂಗಳದಲ್ಲಿ, ಸೂರಿನ ಕೆಳಗೆ, ಒಣ ತೆಂಗಿನಗರಿ ಮತ್ತು ಹಳೆಯ ಪೇಪರು ಸೇರಿಸಿ ಬೆಂಕಿ ಮಾಡಿದೆವು. ವಾಚ್‌ಮನ್ ಓಡಿ ಬಂದು ಇಲ್ಲಿ ಬೆಂಕಿ ಹಾಕುವಂತಿಲ್ಲ ಎಂದರು. ಅಲಿಯಾ ಅವರೊಡನೆ ತಮಿಳಿನಲ್ಲಿ ಏನೋ ಮಾತಾಡಿದಳು, ಅವರೇ ಇನ್ನೆರಡು ಗರಿ ತಂದುಕೊಟ್ಟರು. ನಾಲ್ಕು ತಮಟೆಗಳು ಬೇಗನೆ ಬಿಗಿದುಕೊಂಡವು. ಅಪ್ಪನದು ಮಾತ್ರ ಎಷ್ಟು ಕಾಯಿಸಿದರೂ ‘ದಬ್’ ಎನ್ನುತ್ತಲೇ ಇತ್ತು. ನನಗೆ ಧೈರ್ಯ ಸಾಲಲಿಲ್ಲ. ಹೆಚ್ಚು ಹತ್ತಿರ ಹಿಡಿದರೆ ಚರ್ಮ ಹರಿಯುತ್ತದೆ. ದೂರ ನಿಂತಿದ್ದ ಅಮ್ಮ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಜೀವಮಾನದಲ್ಲಿ ಅವಳು ಅದನ್ನು ಕೈಯಲ್ಲಿ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ರೊಟ್ಟಿ ಸುಡುವಾಗ ತಿರುಗಿಸುವ ಹಾಗೆ ಬೆಂಕಿಯ ಮೇಲೆ ತಿರುಗಿಸುತ್ತ, ನಡುನಡುವೆ ಬೆರಳಿನಿಂದ ತಟ್ಟುತ್ತ, ತಲೆ ವಾಲಿಸಿ ಕೇಳುತ್ತ ಕುಳಿತಳು. ಹೊಗೆಗೆ ಅವಳ ಕಣ್ಣಿನಲ್ಲಿ ನೀರು ತುಂಬಿತು. ಆ ನೀರಿನ ವಿಷಯದಲ್ಲಿ ತಮ್ಮ ಮೇಲೆ ನನಗೆ ಯಾವ ಆಕ್ಷೇಪಣೆಯೂ ಇಲ್ಲ. ಕೊನೆಗೊಮ್ಮೆ ತಟ್ಟಿದಾಗ ‘ಟಣ್’ ಎಂದಿತು. ವಾಚ್‌ಮನ್ ಕೂಡ ತಿರುಗಿ ನೋಡಿದರು.

“ಹೂಂ. ಈಗ ಅವ್ರು ಬಾರಿಸೋ ಹಾಗಿದೆ. ತಗೋ.”

ನಾವು ಬಾರಿಸಿದೆವು. ಹೇಗೆ ಬಾರಿಸಿದೆವೆಂದು ನಾನೇ ಹೇಳಿಕೊಳ್ಳಬಾರದು. ಕುರ್ಚಿಯಲ್ಲಿದ್ದವರು ಎದ್ದು ನಿಂತರು, ಮುಂದಿನ ಸಾಲಿನ ಒಬ್ಬ ಹಿರಿಯರು ಕೈಗೋಲು ಪಕ್ಕಕ್ಕಿಟ್ಟು ಕುಣಿದರು, ಇಷ್ಟು ಸಾಕು. ಅಮ್ಮ ಬದಿಯ ಕಂಬಕ್ಕೆ ಒರಗಿ ಕೊನೆಯವರೆಗೂ ನಿಂತಿದ್ದಳು. ಇಳಿದು ಬಂದಾಗ ನಾನು ಅವಳ ಮುಖ ನೋಡಿದೆ.

“ಎರಡ್ನೇ ಸುತ್ತಲ್ಲಿ ಓಡ್ಬಿಟ್ರಿ,” ಎಂದಳು. “ಯಾರು ಅಟ್ಟಿಸ್ಕಂಡು ಬಂದಿದ್ರು? ಅವ್ರು ಯಾವತ್ತೂ ಓಡ್ತಿರ್ಲಿಲ್ಲ. ನಾಳೆ ಮನೇಲಿ ಕೂತು ಸರಿಯಾಗಿ ಕಲೀರಿ.”

“ಮನೇಲಾ?”

“ಮತ್ತೆ? ರಸ್ತೇಲಿ ಕೂತ್ಕಂತೀರಾ?”

ಹಿಂತಿರುಗುವಾಗ ಅವಳು ಅಪ್ಪನ ತಮಟೆಯನ್ನು ಡಿಕ್ಕಿಯಲ್ಲಿ ಇಡಗೊಡಲಿಲ್ಲ. ಸೆರಗು ಹೊದಿಸಿ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಮನೆಗೆ ಬಂದ ಮೇಲೆ, ಬಾಗಿಲು ತೆಗೆದು, ನನಗಿಂತ ಮೊದಲು ತಾನೇ ಅದನ್ನು ಒಳಗೆ ತೆಗೆದುಕೊಂಡು ಹೋದಳು. ಅದೀಗ ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಮೊಳೆಗೆ ತೂಗಿದೆ. ಉಳಿದ ನಾಲ್ಕು ಮಂಚದ ಕೆಳಗಿವೆ. ಇಷ್ಟು ಕಷ್ಟಪಟ್ಟು ಒಣಗಿಸಿದ ಡಿಕ್ಕಿಯಲ್ಲಿ ಇಡಲು ಸದ್ಯಕ್ಕೆ ನಮ್ಮ ಬಳಿ ಏನೂ ಇಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಕೆಲವೇ. ಮುಂದೆ ನಮ್ಮನ್ನು ಕಾಣಬೇಕೆನಿಸಿದರೆ ದಯವಿಟ್ಟು ನಲ್ಲಿಯ ಮೂಲಕ, ಅದೂ ಎಲ್ಲರೂ ಎದ್ದಿರುವ ಹೊತ್ತಿನಲ್ಲಿ ಬರಬೇಕು. ಬರುವ ಹಿಂದಿನ ದಿನ ಒಂದು ಹನಿಯ ಮೂಲಕವಾದರೂ ಮುನ್ಸೂಚನೆ ಕೊಡಬೇಕು. ಸಾಧ್ಯವಾದರೆ ಕೆರೆಯಿಂದ ಕೆರೆಗೆ ಹೋಗುವಾಗ ನಡುವೆ ಸಿಗುವ ರಸ್ತೆಗಳನ್ನು ಬಳಸದೆ, ತಮಗೆಂದೇ ಇದ್ದ ಕಾಲುವೆಗಳು ಈಗ ಯಾರ ಮನೆಯ ಅಡಿಯಲ್ಲಿವೆಯೋ ವಿಚಾರಿಸಿಕೊಂಡು ಅಲ್ಲಿಂದಲೇ ಹೋಗಬೇಕು. ಕಾರ್ಖಾನೆಯಲ್ಲಿ ನಾನು ಮೊಹರು ಒತ್ತುವ ಪಂಪುಗಳೊಡನೆಯೂ ಇಷ್ಟೇ ಜಾಣತನ ತೋರಬಾರದೆಂದು ವಿನಂತಿ. ಅಲ್ಲಿ ಒಳಗೆ ಕುಳಿತು ನೋಡಲು ಅಮ್ಮನಿಗೆ ಗೇಟ್ ಪಾಸ್ ಕೊಡುವುದಿಲ್ಲ.

ತಾವು ನಮ್ಮ ಡಿಕ್ಕಿಗೆ ಬಾರದೆ ಇದ್ದಿದ್ದರೆ ಎಷ್ಟೋ ತೊಂದರೆ ತಪ್ಪುತ್ತಿತ್ತು ಎಂಬುದು ನಿಜ. ಆದರೂ, ಅಮ್ಮ ಈಗ ಸಂಜೆ ಹೊತ್ತು ಬೆಳ್ಳುಳ್ಳಿ ಸುಲಿಯುತ್ತ ನಮ್ಮ ತಾಳ ತಿದ್ದುವುದನ್ನು ನೋಡುವಾಗ, ತಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಪಡಬೇಕಾಗುತ್ತದೆ.

ಇಂತಿ,
ಈಗಷ್ಟೇ ಒಣಗಿದ, ತಮ್ಮ ವಿಶ್ವಾಸಿ,
ಮೋನಿಷಾ ಎಂ.

ವಿ. ಸೂ.: ಈ ಪತ್ರ ಮುಗಿಸುವ ಹೊತ್ತಿಗೆ ನಮ್ಮ ಅಡುಗೆಮನೆಯ ತಾರಸಿಯ ಮೂಲೆಯಲ್ಲಿ ತಟ್ಟೆಯಗಲದ ತೇವ ಕಾಣಿಸಿಕೊಂಡಿದೆ. ಅದು ತಾವಲ್ಲವೆಂದೇ ನಂಬಿದ್ದೇನೆ. ಒಂದು ವೇಳೆ ತಾವೇ ಆಗಿದ್ದರೆ ತಕ್ಷಣ ಹೊರಡುವುದು ಒಳ್ಳೆಯದು. ಅಮ್ಮ ಏಣಿ ಕೇಳಲು ಪಕ್ಕದ ಮನೆಗೆ ಹೋಗಿದ್ದಾಳೆ.